ಮನೋರೋಗಿಯೂ ಕಾನೂನೂ

ಮೈಗೆ ಬರುವ ರೋಗಕ್ಕೂ ಮನಸ್ಸಿಗೆ ಬರುವ ರೋಗಕ್ಕೂ ಚಿಕಿತ್ಸೆಯ ವಿಷಯದಲ್ಲಿ ಒಂದು ದೊಡ್ಡ ಭೇದವುಂಟು. ಜ್ವರ ಬಂದವನು ತಾನಾಗಿಯೇ ವೈದ್ಯರ ಬಾಗಿಲಿಗೆ ಹೋಗುತ್ತಾನೆ. ಕಾಲು ಮುರಿದವನು ತನ್ನನ್ನು ಹೊತ್ತು ತಂದವರ ಮೇಲೆ ಮುನಿಯುವುದಿಲ್ಲ. ಆದರೆ ತೀವ್ರವಾದ ಮನೋರೋಗಕ್ಕೆ ತುತ್ತಾದವರಲ್ಲಿ ಅನೇಕರಿಗೆ ತಮಗೆ ರೋಗವುಂಟೆಂಬ ಅರಿವೇ ಇರುವುದಿಲ್ಲ. ನೆರೆಯವರು ಗೋಡೆಯಾಚೆಯಿಂದ ತನ್ನನ್ನು ನಿಂದಿಸುತ್ತಿರುವರೆಂದು ದೃಢವಾಗಿ ನಂಬಿದವನಿಗೆ, ಚಿಕಿತ್ಸೆ ಬೇಕಾದುದು ನೆರೆಯವರಿಗೇ ಹೊರತು ತನಗಲ್ಲ. ಅನ್ನ ಬಿಟ್ಟು, ನಿದ್ರೆ ಬಿಟ್ಟು, ಕೋಣೆಯ ಅಗಳಿ ಹಾಕಿಕೊಂಡು ಕುಳಿತ ಮಗನನ್ನು ನೋಡಿ ತಾಯಿತಂದೆಗಳು ಏನು ಮಾಡಬೇಕು? ಅವನಾಗಿ ಒಪ್ಪುವವರೆಗೆ ಕಾಯಬೇಕೆ? ನಾಲ್ಕು ಜನರನ್ನು ಕರೆದು ಬಲವಂತವಾಗಿ ಆಸ್ಪತ್ರೆಗೆ ಒಯ್ಯಬೇಕೆ? ಒಯ್ಯುವ ಅಧಿಕಾರ ಯಾರಿಗೆ, ಎಷ್ಟು ದಿನಕ್ಕೆ, ಯಾರ ಅಪ್ಪಣೆಯಿಂದ?

ಈ ಪ್ರಶ್ನೆಗಳಿಗೆ ಉತ್ತರ ಹೇಳುವುದು ವೈದ್ಯಶಾಸ್ತ್ರವಲ್ಲ, ಕಾನೂನು. ನಾವು ವೈದ್ಯರೂ ಅಲ್ಲ, ವಕೀಲರೂ ಅಲ್ಲ; ಕಾಲೇಜಿನಲ್ಲಿ ಪಾಠ ಹೇಳುವವರು. ಆದರೆ ಈ ಕಾನೂನು ಯಾವ ಮನೆಯ ಕದವನ್ನು ಯಾವಾಗ ತಟ್ಟುವುದೋ ಹೇಳಬರುವಂತಿಲ್ಲವಾದುದರಿಂದ, ಅದನ್ನು ತಿಳಿದುಕೊಳ್ಳುವುದು ಎಲ್ಲ ನಾಗರಿಕರಿಗೂ ಸೇರಿದ ಕೆಲಸ. ಇಲ್ಲಿ ನಾವು ವಿಚಾರಿಸಬೇಕೆಂದಿರುವುದು ಒಂದೇ ಅಂಶ: ರೋಗಿಯನ್ನು ಅವನ ಇಚ್ಛೆಗೆ ವಿರೋಧವಾಗಿ ಆಸ್ಪತ್ರೆಗೆ ಸೇರಿಸುವ ಕಾನೂನು ಬದಲಾದರೆ, ರೋಗಿಯ ರೋಗ ವಾಸಿಯಾಗುವ ರೀತಿಯೂ ಬದಲಾಗುವುದೆ?

ಮೊದಲು ನಮ್ಮ ದೇಶದ ಹಳೆಯ ಕಾನೂನನ್ನೇ ನೋಡೋಣ. ಬ್ರಿಟಿಷರು ೧೮೫೮ರಲ್ಲಿಯೂ ಆಮೇಲೆ ೧೯೧೨ರಲ್ಲಿಯೂ ಮಾಡಿದ ಶಾಸನಗಳು ಹುಚ್ಚರ ಆಸ್ಪತ್ರೆಯ ಬಾಗಿಲನ್ನು ಮ್ಯಾಜಿಸ್ಟ್ರೇಟರ ಕೈಗೆ ಕೊಟ್ಟವು. ೧೯೧೨ರ ಶಾಸನದ ಪ್ರಕಾರ ಬಂಧುಗಳು ಅರ್ಜಿ ಬರೆದು, ಇಬ್ಬರು ವೈದ್ಯರ ಸರ್ಟಿಫಿಕೇಟುಗಳನ್ನು ಲಗತ್ತಿಸಿ, ಮ್ಯಾಜಿಸ್ಟ್ರೇಟರ ಆಜ್ಞೆಯನ್ನು ಪಡೆಯಬೇಕಾಗಿತ್ತು. ಬೀದಿಯಲ್ಲಿ ಅಲೆಯುವವನನ್ನೂ ಅಪಾಯಕಾರಿಯೆಂದು ಕಂಡವನನ್ನೂ ಪೋಲೀಸರು ಹಿಡಿದು ತಂದು ಅದೇ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ತಾನಾಗಿ ಬಂದು ಸೇರಬೇಕೆನ್ನುವವನಿಗೂ ಒಂದು ಕಿಂಡಿಯನ್ನು ಬಿಟ್ಟಿದ್ದರು. ಆದರೆ ಅವನಿಗೂ ಆಸ್ಪತ್ರೆಯ ಸಂದರ್ಶಕರಲ್ಲಿ ಇಬ್ಬರ ಒಪ್ಪಿಗೆ ಬೇಕಾಗಿತ್ತು. ಹೀಗಿರುವಲ್ಲಿ ಆಸ್ಪತ್ರೆಯ ದಾರಿ ಕಚೇರಿಯ ದಾರಿಯಾಯಿತು. ಮಾನವಂತರು ಆ ಮೆಟ್ಟಿಲನ್ನು ಹತ್ತುವುದಕ್ಕೆ ಅಂಜಿ ರೋಗಿಯನ್ನು ಹಿತ್ತಿಲ ಕೋಣೆಯಲ್ಲಿಯೇ ಇಟ್ಟುಕೊಂಡರು. ಕಾನೂನಿನ ಉದ್ದೇಶ ಸ್ವಸ್ಥನಾದವನನ್ನು ಅನ್ಯಾಯವಾಗಿ ಕೂಡಿಹಾಕದಂತೆ ತಡೆಯುವುದಾಗಿತ್ತು. ಅದು ಒಳ್ಳೆಯ ಉದ್ದೇಶವೇ. ಆದರೆ ಅದರ ಬೆಲೆಯನ್ನು, ತಡವಾಗಿ ಬಂದ ರೋಗಿ ತನ್ನ ರೋಗವು ಬೇರುಬಿಟ್ಟ ಮೇಲೆ ತೆರಬೇಕಾಯಿತು.

ಈ ದೋಷವನ್ನು ಇಂಗ್ಲೆಂಡಿನವರೂ ಕಂಡುಕೊಂಡರು. ಲಂಡನ್ನಿನಲ್ಲಿ ೧೯೨೩ರಲ್ಲಿ ಸಾರ್ವಜನಿಕರಿಗೆ ತೆರೆದ ಮಾಡ್‌ಸ್ಲೀ ಆಸ್ಪತ್ರೆಯು ತಾವಾಗಿಯೇ ಬಂದ ರೋಗಿಗಳನ್ನು ಮಾತ್ರ ತೆಗೆದುಕೊಂಡಿತು; ಅದಕ್ಕಾಗಿ ಮುಂಚೆಯೇ ೧೯೧೫ರಲ್ಲಿ ಪ್ರತ್ಯೇಕವಾಗಿ ಒಂದು ಶಾಸನವನ್ನು ಮಾಡಿಸಿಕೊಳ್ಳಬೇಕಾಯಿತು. ೧೯೩೦ರ ಶಾಸನವು ಸ್ವಇಚ್ಛೆಯಿಂದ ಸೇರುವ ಅವಕಾಶವನ್ನು ಇಂಗ್ಲೆಂಡಿನ ಇತರ ಮಾನಸಿಕ ಆಸ್ಪತ್ರೆಗಳಿಗೂ ವಿಸ್ತರಿಸಿತು. ಹಿಂದಿನ ಮೈಸೂರು ಸಂಸ್ಥಾನದ ಸರ್ಕಾರವು ಬೆಂಗಳೂರಿನ ಹುಚ್ಚರ ಆಸ್ಪತ್ರೆಗೆ ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟುದನ್ನೂ ಇಲ್ಲಿ ನೆನೆಯಬಹುದು. ಆ ಆಸ್ಪತ್ರೆಯ ಜಾಗದಲ್ಲಿಯೇ ೧೯೫೪ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿತು. ೧೯೭೪ರಲ್ಲಿ ಅವೆರಡೂ ಸೇರಿ ಇಂದಿನ ನಿಮ್ಹಾನ್ಸ್ ಆಯಿತು. ಹೆಸರು ಬದಲಾದ ಮಾತ್ರಕ್ಕೆ ರೋಗ ವಾಸಿಯಾಗದು, ನಿಜ. ಆದರೆ ಬಾಗಿಲಿನ ಮೇಲೆ ಏನು ಬರೆದಿದೆಯೆಂಬುದು ಬಾಗಿಲಿಗೆ ಯಾರು ಬರುವರೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು.

ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಅಮೆರಿಕಾದವರು ಈ ಪ್ರಶ್ನೆಯನ್ನು ಎದುರಿಸಿದರು. ೧೯೫೫ರಲ್ಲಿ ಅಲ್ಲಿಯ ಸರ್ಕಾರೀ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಹೆಸರಿಗೆ ಮಾತ್ರ ಚಿಕಿತ್ಸೆ. ಕೆನೆತ್ ಡೊನಾಲ್ಡ್‌ಸನ್ ಎಂಬಾತನನ್ನು ಫ್ಲಾರಿಡಾದ ಆಸ್ಪತ್ರೆಯೊಂದರಲ್ಲಿ ಹೆಚ್ಚು ಕಡಿಮೆ ಹದಿನೈದು ವರ್ಷ ಇಟ್ಟಿದ್ದರು. ಅವನಿಂದ ಯಾರಿಗೂ ಅಪಾಯವಿರಲಿಲ್ಲ. ತನ್ನ ಜೀವನವನ್ನು ತಾನೇ ಅಥವಾ ಸ್ನೇಹಿತರ ನೆರವಿನಿಂದ ಸಾಗಿಸಬಲ್ಲ, ಅಪಾಯವಿಲ್ಲದ ಮನುಷ್ಯನನ್ನು ಸುಮ್ಮನೆ ಕೂಡಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ೧೯೭೫ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟಿತು. ಕ್ಯಾಲಿಫೋರ್ನಿಯಾ ಪ್ರಾಂತವು ೧೯೬೭ರಲ್ಲಿಯೇ ಕಡ್ಡಾಯದ ಅವಧಿಯನ್ನು ಬಿಗಿಗೊಳಿಸಿತ್ತು; ವಿಸ್ಕಾನ್ಸಿನ್ ಪ್ರಾಂತದ ಒಂದು ಮೊಕದ್ದಮೆಯಲ್ಲಿ ೧೯೭೨ರಲ್ಲಿ ನ್ಯಾಯಾಧೀಶರು, ಅಪಾಯವು ಸನ್ನಿಹಿತವಾಗಿದೆಯೆಂದು ಸಿದ್ಧಪಡಿಸಿದ ಹೊರತು ಕಡ್ಡಾಯ ಕೂಡದೆಂದರು. ಇಂಥ ನಿಯಮಗಳು ಪ್ರಾಂತದಿಂದ ಪ್ರಾಂತಕ್ಕೆ ಹರಡಿದವು. ಶತಮಾನದ ಕೊನೆಯ ಹೊತ್ತಿಗೆ ಆಸ್ಪತ್ರೆಗಳಲ್ಲಿ ಉಳಿದವರು ಒಂದು ಲಕ್ಷಕ್ಕಿಂತ ಕಡಿಮೆ. ಇದಕ್ಕೆ ಕಾನೂನೊಂದೇ ಕಾರಣವಲ್ಲ. ಹೊಸ ಔಷಧಗಳೂ ಸರ್ಕಾರದ ವೆಚ್ಚದ ಲೆಕ್ಕಾಚಾರವೂ ಕೂಡಿದ್ದುವು. ಆದರೆ ಹೊರಬಂದವರಿಗಾಗಿ ಊರೂರಿನಲ್ಲಿಯೂ ಕಟ್ಟಬೇಕೆಂದಿದ್ದ ಚಿಕಿತ್ಸಾಕೇಂದ್ರಗಳು ಬೇಕಾದಷ್ಟು ಏಳಲಿಲ್ಲ. ಅನೇಕರು ಬೀದಿಗೆ ಬಿದ್ದರು, ಅನೇಕರು ಸೆರೆಮನೆ ಸೇರಿದರು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು.

ಅಪಾಯವಿದ್ದರೆ ಮಾತ್ರ ಕಡ್ಡಾಯ ಎಂಬ ನಿಯಮವು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ರೋಗವು ಮೊದಲ ದಿನವೇ ಅಪಾಯದ ರೂಪವನ್ನು ತಾಳುವುದಿಲ್ಲ. ನಿದ್ರೆಗೆಡುವುದು, ಸಂಶಯಪಡುವುದು, ಕೆಲಸ ಬಿಡುವುದು, ತನ್ನಷ್ಟಕ್ಕೆ ಮಾತನಾಡುವುದು, ಹೀಗೆ ಮೆಲ್ಲಮೆಲ್ಲನೆ ಬೆಳೆಯುವುದು. ರೋಗಿಯು ಯಾರ ಮೇಲಾದರೂ ಕೈಮಾಡುವವರೆಗೆ, ಇಲ್ಲವೆ ತನ್ನ ಜೀವಕ್ಕೇ ಕೈಹಾಕುವವರೆಗೆ ಮನೆಯವರು ಕಾಯಬೇಕೆಂದರೆ, ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಈ ವಿಷಯವಾಗಿ ಆಸ್ಟ್ರೇಲಿಯಾದ ವೈದ್ಯರು ೨೦೦೮ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಸ್ಕಿಜೋಫ್ರೀನಿಯ ರೋಗವು ತಲೆದೋರಿದಂದಿನಿಂದ ಮೊದಲ ಚಿಕಿತ್ಸೆಯವರೆಗೆ ಎಷ್ಟು ಕಾಲ ಕಳೆಯಿತೆಂಬುದನ್ನು ಅವರು ನಾನಾ ದೇಶಗಳ ಅಧ್ಯಯನಗಳಿಂದ ಒಟ್ಟುಗೂಡಿಸಿದರು. ಅಪಾಯವನ್ನು ತೋರಿಸಲೇಬೇಕೆಂಬ ಕಾನೂನಿದ್ದ ಕಡೆ ಈ ಕಾಲ ಸರಾಸರಿ ಸುಮಾರು ೮೦ ವಾರ. ಆ ಕಟ್ಟು ಇಲ್ಲದ ಕಡೆ ಸುಮಾರು ೫೬ ವಾರ. ದೇಶದೇಶಗಳ ನಡುವೆ ಬೇರೆ ವ್ಯತ್ಯಾಸಗಳೂ ಇರುವುದರಿಂದ ಎಲ್ಲವನ್ನೂ ಕಾನೂನಿನ ತಲೆಗೇ ಕಟ್ಟಲಾಗದು. ಆದರೂ ಚಿಕಿತ್ಸೆ ತಡವಾದಷ್ಟೂ ರೋಗಿಯು ಚೇತರಿಸಿಕೊಳ್ಳುವುದು ಕಷ್ಟವೆಂಬುದನ್ನು ಬೇರೆ ಅಧ್ಯಯನಗಳೂ ತೋರಿಸಿರುವುದರಿಂದ, ಇಪ್ಪತ್ತನಾಲ್ಕು ವಾರಗಳ ಅಂತರವನ್ನು ಅಲ್ಪವೆಂದು ಬಿಡುವಂತಿಲ್ಲ.

ಹಾಗಾದರೆ ಅಪಾಯವನ್ನು ಬಿಟ್ಟು ಬೇರೆ ಅಳತೆಗೋಲು ಉಂಟೆ? ಇಟಲಿಯವರು ಒಂದನ್ನು ಹಿಡಿದರು. ಫ್ರಾಂಕೊ ಬಸಾಲಿಯ ಎಂಬ ವೈದ್ಯನ ಪ್ರಯತ್ನದ ಫಲವಾಗಿ ೧೯೭೮ರ ಮೇ ತಿಂಗಳಲ್ಲಿ ಅಲ್ಲಿ ೧೮೦ನೆಯ ಶಾಸನ ಹುಟ್ಟಿತು. ಹಳೆಯ ಮಾನಸಿಕ ಆಸ್ಪತ್ರೆಗಳಿಗೆ ಹೊಸದಾಗಿ ಯಾರನ್ನೂ ಸೇರಿಸಕೂಡದು. ಸಾಮಾನ್ಯ ಆಸ್ಪತ್ರೆಗಳಲ್ಲಿ ಹದಿನೈದು ಹಾಸಿಗೆಗಳನ್ನು ಮೀರದ ಚಿಕ್ಕ ವಿಭಾಗಗಳಿರಬೇಕು ಎಂಬುದು ಅದರ ಕಟ್ಟಳೆ. ಕಡ್ಡಾಯವನ್ನು ಅದು ತೆಗೆದುಹಾಕಲಿಲ್ಲ. ಆದರೆ ‘ಇವನಿಂದ ಅಪಾಯವೆ?’ ಎಂದು ಕೇಳುವುದರ ಬದಲು, ‘ಇವನಿಗೆ ತುರ್ತಾಗಿ ಚಿಕಿತ್ಸೆ ಬೇಕೆ? ಬೇಡವೆನ್ನುತ್ತಿರುವನೆ? ಆಸ್ಪತ್ರೆಯ ಹೊರಗೆ ಅದನ್ನು ಕೊಡಲು ಸಾಧ್ಯವಿಲ್ಲವೆ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿತು. ಇಬ್ಬರು ವೈದ್ಯರ ಮಾತಿನ ಮೇಲೆ ಪುರಾಧ್ಯಕ್ಷನು ಅಪ್ಪಣೆ ಕೊಡಬೇಕು. ನ್ಯಾಯಾಧೀಶರ ಸಮ್ಮತಿಯೂ ಬೇಕು. ಅವಧಿ ಏಳು ದಿನ, ಅಗತ್ಯವಿದ್ದರೆ ಮತ್ತೆ ಮುಂದುವರಿಸಬಹುದು. ಅಳತೆಗೋಲನ್ನು ಸಡಿಲಿಸಿದರೆ ಕಂಡಕಂಡವರನ್ನೆಲ್ಲ ಕೂಡಿಹಾಕುವರೆಂಬ ಭಯವಿತ್ತಷ್ಟೆ. ಹಾಗಾಗಲಿಲ್ಲ. ಯೂರೋಪಿನಲ್ಲಿ ಕಡ್ಡಾಯದ ಪ್ರಮಾಣ ಬಹಳ ಕಡಿಮೆಯಾಗಿರುವ ದೇಶಗಳಲ್ಲಿ ಇಟಲಿಯೂ ಒಂದು. ಬಸಾಲಿಯನು ಕೆಲಸಮಾಡಿದ ಟ್ರಿಯೆಸ್ಟ್ ನಗರದಲ್ಲಿ ಹಗಲಿರುಳೂ ತೆರೆದಿರುವ ಚಿಕ್ಕ ಕೇಂದ್ರಗಳು ಬಡಾವಣೆಗಳಲ್ಲಿಯೇ ಎದ್ದುದು ಇದಕ್ಕೆ ಕಾರಣ. ಅಂಥ ಕೇಂದ್ರಗಳು ಏಳದ ಸೀಮೆಗಳಲ್ಲಿ ಅದೇ ಶಾಸನವು ರೋಗಿಯ ಹೊರೆಯನ್ನು ಬಂಧುಗಳ ಹೆಗಲಿಗೆ ವರ್ಗಾಯಿಸಿತೆಂಬುದನ್ನೂ ಮರೆಮಾಚಬಾರದು. ಶಾಸನ ಒಂದೇ, ಫಲ ಎರಡು.

ಆಸ್ಪತ್ರೆಗೆ ಸೇರಿಸುವುದು ಬೇರೆ, ಅಲ್ಲಿ ಔಷಧ ಕೊಡುವುದು ಬೇರೆ ಎಂದು ಕಾನೂನು ಎರಡನ್ನೂ ಬಿಡಿಸಿಟ್ಟರೆ ಏನಾಗುವುದು? ಜರ್ಮನಿಯಲ್ಲಿ ಇದರ ಪರೀಕ್ಷೆ ಅನಿರೀಕ್ಷಿತವಾಗಿ ನಡೆಯಿತು. ಇಚ್ಛೆಗೆ ವಿರೋಧವಾಗಿ ಔಷಧ ಕೊಡುವುದಕ್ಕೆ ಆಗಿದ್ದ ನಿಯಮಗಳು ಸಾಲವೆಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು ೨೦೧೧ರಲ್ಲಿ ತೀರ್ಮಾನಿಸಿತು. ಮರುವರ್ಷ ಇನ್ನೊಂದು ಉಚ್ಚ ನ್ಯಾಯಾಲಯವೂ ಅದೇ ಮಾರ್ಗವನ್ನು ಹಿಡಿಯಿತು. ಹೊಸ ಶಾಸನವು ೨೦೧೩ರಲ್ಲಿ ಬರುವವರೆಗೆ, ರೋಗಿಯನ್ನು ಆಸ್ಪತ್ರೆಯಲ್ಲಿ ತಡೆದಿಡಬಹುದು, ಆದರೆ ಅವನು ಒಲ್ಲೆನೆಂದರೆ ತುರ್ತು ಸಂದರ್ಭದ ಹೊರತು ಔಷಧ ಕೊಡುವಂತಿಲ್ಲ ಎಂಬ ವಿಚಿತ್ರ ಸ್ಥಿತಿ ಉಂಟಾಯಿತು. ಬಾಡೆನ್-ವುರ್ಟೆಂಬರ್ಗ್ ಪ್ರಾಂತದ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದವರು, ಆ ಕಾಲದಲ್ಲಿ ಹೊಡೆದಾಟಗಳೂ, ರೋಗಿಗಳನ್ನು ಕಟ್ಟಿಹಾಕುವುದೂ, ಒಂಟಿ ಕೋಣೆಯಲ್ಲಿ ಕೂಡುವುದೂ ಹೆಚ್ಚಾದುದನ್ನು ಕಂಡರು. ಒಂದು ಬಗೆಯ ಬಲಾತ್ಕಾರವನ್ನು ತಡೆಯಹೋಗಿ ಇನ್ನೊಂದು ಬಗೆಯದು ಬೆಳೆಯಿತು. ಇದರಿಂದ ನ್ಯಾಯಾಲಯವು ತಪ್ಪಿತೆಂದು ನಾವು ಹೇಳುವುದಿಲ್ಲ; ಎಚ್ಚರಿಕೆಯ ನಿಯಮಗಳಿಲ್ಲದೆ ಸೂಜಿ ಚುಚ್ಚುವುದು ಸರಿಯಲ್ಲ. ಆದರೆ ಚಿಕಿತ್ಸೆಯಿಲ್ಲದ ತಡೆ ಬರಿಯ ಸೆರೆಯಾಗುವುದೆಂಬುದು ಇಲ್ಲಿ ಸ್ಪಷ್ಟವಾಯಿತು.

ಆಸ್ಪತ್ರೆಯಿಂದ ಹೊರಗೆ ಬಂದ ಮೇಲೂ ಕಾನೂನು ರೋಗಿಯ ಬೆನ್ನು ಹತ್ತಬಹುದು. ಔಷಧವನ್ನು ತಪ್ಪದೆ ತೆಗೆದುಕೊಳ್ಳಬೇಕು, ತಪ್ಪಿದರೆ ಮತ್ತೆ ಆಸ್ಪತ್ರೆಗೆ ಕರೆಯಲಾಗುವುದು ಎಂಬ ಷರತ್ತಿನ ಮೇಲೆ ಮನೆಗೆ ಕಳುಹಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ೨೦೦೮ರಿಂದ ಜಾರಿಗೆ ಬಂದಿತು. ಇದರಿಂದ ರೋಗ ಮರುಕಳಿಸುವುದು ತಪ್ಪುವುದೆಂದು ಬಹಳ ಮಂದಿ ನಂಬಿದ್ದರು. ನಂಬಿಕೆಯನ್ನು ಒರೆಗೆ ಹಚ್ಚಬೇಕೆಂದು ೩೩೬ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಈ ದೀರ್ಘ ಷರತ್ತನ್ನೂ ಇನ್ನೊಂದಕ್ಕೆ ಅಲ್ಪಾವಧಿಯ ರಜೆಯ ಹಳೆಯ ಪದ್ಧತಿಯನ್ನೂ ಅನ್ವಯಿಸಿದರು. ಒಂದು ವರ್ಷದೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಎರಡರಲ್ಲಿಯೂ ಶೇಕಡ ೩೬! ೨೦೧೩ರಲ್ಲಿ ಪ್ರಕಟವಾದ ಈ ಫಲಿತಾಂಶವು ಅನೇಕರನ್ನು ಚಕಿತಗೊಳಿಸಿತು. ಅಮೆರಿಕಾದ ಉತ್ತರ ಕ್ಯಾರೊಲಿನಾದಲ್ಲಿ ೧೯೯೯ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯಲ್ಲಿಯೂ ಆಜ್ಞೆಯೊಂದರಿಂದಲೇ ಹೆಚ್ಚು ಪ್ರಯೋಜನ ಕಾಣಲಿಲ್ಲ. ಆಜ್ಞೆ ಆರು ತಿಂಗಳಾದರೂ ನಡೆದು, ಅದರ ಜೊತೆಗೆ ದಾದಿಯರೂ ವೈದ್ಯರೂ ರೋಗಿಯನ್ನು ಮೇಲಿಂದ ಮೇಲೆ ನೋಡಿಕೊಂಡಾಗ ಮಾತ್ರ ಮರುಸೇರ್ಪಡೆ ಕಡಿಮೆಯಾದಂತೆ ತೋರಿತು. ಹಾಗಾದರೆ ಕೆಲಸಮಾಡಿದುದು ಆಜ್ಞೆಯ ಕಾಗದವೋ, ಮನೆಗೆ ಬಂದ ದಾದಿಯೋ? ನಮಗೆ ಎರಡನೆಯದೇ ಹೆಚ್ಚೆಂದು ತೋರುತ್ತದೆ.

ಇಷ್ಟರವರೆಗೆ ರೋಗಿಯನ್ನು ಕುರಿತು ಮಾತನಾಡಿದೆವು; ರೋಗಿ ಏನೆನ್ನುವನೆಂದು ಕೇಳಲಿಲ್ಲ. ಯೂರೋಪಿನ ಹನ್ನೊಂದು ದೇಶಗಳಲ್ಲಿ, ಕಡ್ಡಾಯವಾಗಿ ಸೇರಿಸಲ್ಪಟ್ಟ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಮೂರು ತಿಂಗಳಾದ ಮೇಲೆ ಕೇಳಿದಾಗ, ತಮ್ಮನ್ನು ಸೇರಿಸಿದುದು ಸರಿಯಾಗಿತ್ತೆಂದವರ ಪ್ರಮಾಣ ದೇಶದಿಂದ ದೇಶಕ್ಕೆ ಶೇಕಡ ೪೬ರಿಂದ ೮೬ರವರೆಗೆ ಬದಲಾಯಿತು. ಇಂಗ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ ವರ್ಷ ಕಳೆದ ಮೇಲೆ ಹಾಗೆಂದವರು ಶೇಕಡ ೪೦ ಮಾತ್ರ. ಅಲ್ಲಿಯೇ ಇನ್ನೊಂದು ಸಂಗತಿಯೂ ಹೊರಬಿದ್ದಿತು: ಮೊದಲ ದಿನಗಳ ಉಪಚಾರದಿಂದ ತೃಪ್ತರಾಗದೆ ಹೋದವರೇ ಮತ್ತೆ ಕಡ್ಡಾಯಕ್ಕೆ ಹೆಚ್ಚಾಗಿ ಗುರಿಯಾದರು. ಅಮೆರಿಕಾದಲ್ಲಿ ೧೯೯೦ರ ದಶಕದಲ್ಲಿ ನಡೆದ ಸಂಶೋಧನೆಗಳೂ ಇದಕ್ಕೆ ಪೋಷಕವಾಗಿವೆ. ತನ್ನ ಮಾತನ್ನು ಕಿವಿಗೊಟ್ಟು ಕೇಳಿದರು, ಮೋಸದಿಂದ ಕರೆತರಲಿಲ್ಲ, ಮರ್ಯಾದೆಯಿಂದ ನಡೆಸಿಕೊಂಡರು ಎಂದು ಕಂಡ ರೋಗಿಗೆ, ಕಾನೂನಿನ ಕಡ್ಡಾಯವಿದ್ದರೂ ಬಲಾತ್ಕಾರದ ಅನುಭವ ಕಡಿಮೆ. ‘ದೇವಸ್ಥಾನಕ್ಕೆ ಹೋಗೋಣ ಬಾ’ ಎಂದು ಹೇಳಿ ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸುವ ನಮ್ಮ ಮನೆಗಳವರು ಇದನ್ನು ಮನಸ್ಸಿನಲ್ಲಿಡಬೇಕು. ಆ ಒಂದು ದಿನದ ಉಪಾಯವು ಮುಂದಿನ ಹತ್ತು ವರ್ಷಗಳ ವಿಶ್ವಾಸವನ್ನು ತಿಂದುಹಾಕಬಹುದು.

ಈಗ ನಮ್ಮ ದೇಶದ ಇಂದಿನ ಶಾಸನಕ್ಕೆ ಬರೋಣ. ೧೯೧೨ರ ಶಾಸನವು ಸ್ವಾತಂತ್ರ್ಯ ಬಂದ ಮೇಲೂ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಉಳಿಯಿತು. ೧೯೮೭ರಲ್ಲಿ ಅಂಗೀಕಾರವಾದ ಹೊಸ ಶಾಸನವು ೧೯೯೩ರಲ್ಲಿ ಜಾರಿಗೆ ಬಂದಿತು. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಸೆರೆಮನೆಯಲ್ಲಿಡುವುದು ಕಾನೂನಿಗೂ ಸಂವಿಧಾನಕ್ಕೂ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದುದೂ ಅದೇ ೧೯೯೩ರಲ್ಲಿ. ಆದರೆ ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾಕ್ಕೆ ಹರಕೆಯಿಂದ ಬಂದ ರೋಗಿಗಳನ್ನು ಸರಪಳಿ ಹಾಕಿ ಇಟ್ಟಿದ್ದ ಖಾಸಗಿ ತಂಗುಮನೆಯೊಂದಕ್ಕೆ ಬೆಂಕಿ ಬಿದ್ದು ೨೮ ಮಂದಿ ಸತ್ತರು. ಹೊಸ ಶಾಸನವು ಆಗಲೇ ಜಾರಿಯಲ್ಲಿದ್ದಿತು. ಸರಪಳಿಯಲ್ಲಿದ್ದವರಿಗೆ ಅದು ತಲಪಲಿಲ್ಲ.

೨೦೧೭ರಲ್ಲಿ ಅಂಗೀಕಾರವಾಗಿ ೨೦೧೮ರ ಮೇ ೨೯ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಶಾಸನವು ಬೇರೆ ರೀತಿಯದು. ಮನಸ್ಸಿನ ರೋಗಕ್ಕೆ ಚಿಕಿತ್ಸೆ ಪಡೆಯುವುದು ಪ್ರಜೆಯ ಹಕ್ಕೆಂದು ಅದು ಮೊದಲು ಹೇಳುತ್ತದೆ. ಸಾಧ್ಯವಾದ ಮಟ್ಟಿಗೆ ರೋಗಿ ತಾನಾಗಿಯೇ ಸೇರಬೇಕು. ತೀರಾ ಅಗತ್ಯವಿದ್ದಲ್ಲಿ, ರೋಗಿಯ ಪರವಾಗಿ ನಾಮನಿರ್ದೇಶಿತನಾದವನ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಪ್ರತ್ಯೇಕವಾಗಿ ಪರೀಕ್ಷಿಸಿ, ೩೦ ದಿನಗಳವರೆಗೆ ಸೇರಿಸಬಹುದು. ತನಗೆ ತಾನೇ ಕೇಡು ಮಾಡಿಕೊಳ್ಳುವ ಸಂಭವ, ಇತರರಿಗೆ ಹಿಂಸೆ, ತನ್ನನ್ನು ತಾನು ನೋಡಿಕೊಳ್ಳಲಾರದೆ ಹಾನಿಗೊಳಗಾಗುವ ಸ್ಥಿತಿ, ಈ ಮೂರರಲ್ಲಿ ಒಂದಿರಬೇಕು. ಮೂರನೆಯದನ್ನು ಸೇರಿಸಿದುದರಿಂದ, ಬಾಗಿಲು ಅಮೆರಿಕಾದ ೧೯೭೨ರ ತೀರ್ಪಿನಷ್ಟು ಕಿರಿದಾಗಲಿಲ್ಲ. ಕೋಣೆಯಲ್ಲಿ ಅನ್ನಬಿಟ್ಟು ಕುಳಿತವನಿಗೂ ಅದರಲ್ಲಿ ಎಡೆಯುಂಟು. ಮ್ಯಾಜಿಸ್ಟ್ರೇಟರ ಸ್ಥಾನವನ್ನು ಬಹುಮಟ್ಟಿಗೆ ಪರಿಶೀಲನಾ ಮಂಡಳಿ ತೆಗೆದುಕೊಂಡಿದೆ. ಗಂಡಸರನ್ನು ಸೇರಿಸಿದ ಏಳು ದಿನದೊಳಗೆ, ಹೆಂಗಸರನ್ನೂ ಮಕ್ಕಳನ್ನೂ ಸೇರಿಸಿದ ಮೂರು ದಿನದೊಳಗೆ ಮಂಡಳಿಗೆ ತಿಳಿಸಬೇಕು. ೩೦ ದಿನಗಳನ್ನು ಮೀರಿ ಇಡಬೇಕಾದರೆ ಮಂಡಳಿಯ ಒಪ್ಪಿಗೆ ಬೇಕು. ಸರಪಳಿ ಹಾಕುವುದನ್ನು ಈ ಶಾಸನವು ನಿಷೇಧಿಸಿದೆ.

ಇದೇ ಶಾಸನವು ಇನ್ನೊಂದು ಹೊಸ ಉಪಾಯವನ್ನೂ ತಂದಿದೆ. ಅದು ಮುಂಗಡ ನಿರ್ದೇಶನ. ಪ್ರಾಪ್ತವಯಸ್ಕನಾದ ಯಾವನೇ ಆಗಲಿ, ಮನಸ್ಸು ಸ್ವಸ್ಥವಾಗಿರುವಾಗಲೇ, ಮುಂದೆ ರೋಗ ಬಂದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ಬರೆದಿಡಬಹುದು. ಇಂಥ ಬರವಣಿಗೆಯಿಂದ ಫಲವುಂಟೆ? ರೋಗಿಯೂ ವೈದ್ಯರೂ ಕೂಡಿ ಕುಳಿತು ಯೋಜನೆಯನ್ನು ಬರೆದ ಒಂದು ಪರೀಕ್ಷೆ ಇಂಗ್ಲೆಂಡಿನಲ್ಲಿ ೧೬೦ ರೋಗಿಗಳ ಮೇಲೆ ನಡೆದು ೨೦೦೪ರಲ್ಲಿ ಪ್ರಕಟವಾಯಿತು. ಬರೆದವರಲ್ಲಿ ಶೇಕಡ ೧೩ ಮಂದಿಯೂ ಬರೆಯದವರಲ್ಲಿ ಶೇಕಡ ೨೭ ಮಂದಿಯೂ ಮುಂದೆ ಕಡ್ಡಾಯಕ್ಕೆ ಗುರಿಯಾದರು. ಆದರೆ ೫೬೯ ಮಂದಿಯ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಆ ವ್ಯತ್ಯಾಸ ಕಾಣಿಸಲಿಲ್ಲ. ಅನೇಕ ಕಡೆ ವೈದ್ಯರು ಮನಸ್ಸಿಟ್ಟು ಭಾಗವಹಿಸಿರಲಿಲ್ಲ. ಇಲ್ಲಿಯೂ ಅದೇ ಪಾಠ. ಬರೆದುದನ್ನು ಓದುವವರೂ ಗೌರವಿಸುವವರೂ ಇದ್ದರೆ ಕಾಗದಕ್ಕೆ ಜೀವ ಬರುವುದು.

ಆದುದರಿಂದ ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಹೀಗೆ ಉತ್ತರ ಹೇಳಬಹುದು. ಕಾನೂನು ರೋಗವನ್ನು ವಾಸಿಮಾಡಲಾರದು. ರೋಗಿಯು ಬೇಗ ಬರುವನೋ ತಡವಾಗಿ ಬರುವನೋ, ಕೈಕೋಳದಲ್ಲಿ ಬರುವನೋ ಬಂಧುವಿನ ಕೈ ಹಿಡಿದು ಬರುವನೋ, ಬಂದವನು ಮತ್ತೊಮ್ಮೆ ಬರಲು ಒಪ್ಪುವನೋ ಇಲ್ಲವೋ, ಇಷ್ಟನ್ನು ಅದು ನಿರ್ಧರಿಸಬಲ್ಲದು. ಬಹಳ ಬಿಗಿಯಾದ ಕಾನೂನು ಅವನನ್ನು ಹೊರಗೇ ಕೊಳೆಯಿಸುವುದು. ಬಹಳ ಸಡಿಲವಾದ ಕಾನೂನು ಒಳಗೇ ಕೊಳೆಯಿಸುವುದು. ಉಳಿದುದೆಲ್ಲ ಆಸರೆಯ ಮಾತು. ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದಲ್ಲಿ ನಿಮ್ಹಾನ್ಸಿನವರು ಹಳ್ಳಿಯ ಆರೋಗ್ಯಕೇಂದ್ರದ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಿ ಔಷಧವನ್ನು ಊರಿನ ಹತ್ತಿರಕ್ಕೆ ತಂದರು. ೧೯೯೬ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅದಕ್ಕೂ ಮುಂಚೆ, ೧೯೫೦ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳಿಗೆ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿಕೊಟ್ಟು ಅವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಂಡರು. ಈ ಎರಡಕ್ಕೂ ಹೊಸ ಶಾಸನ ಬೇಕಾಗಲಿಲ್ಲ.

ವಾಸಿಯಾದವರಿಗೂ ಆಸರೆ ಬೇಕು. ರೋಗ ಇಳಿದ ಮೇಲೂ ಕರೆದುಕೊಂಡು ಹೋಗುವವರಿಲ್ಲದೆ ಆಸ್ಪತ್ರೆಗಳಲ್ಲಿಯೇ ಉಳಿದವರ ಪುನರ್ವಸತಿಗಾಗಿ ಸುಪ್ರೀಂ ಕೋರ್ಟು ೨೦೧೭ರಲ್ಲಿ ರಾಜ್ಯಗಳಿಗೆ ಆದೇಶ ಕೊಡಬೇಕಾಯಿತು. ಅಂಥವರನ್ನು ಕಾನೂನು ಬಿಟ್ಟುಬಿಟ್ಟಿದೆ, ಮನೆ ಕರೆದುಕೊಂಡಿಲ್ಲ. ನಮ್ಮ ಊರಿನಲ್ಲಿ, ನಮ್ಮ ಬೀದಿಯಲ್ಲಿ, ಹಾಗೆ ಹಿಂತಿರುಗಿದವನೊಬ್ಬನಿಗೆ ಬಾಡಿಗೆಗೆ ಕೋಣೆ ಕೊಡುವವರಿರುವರೆ, ಕೆಲಸ ಕೊಡುವವರಿರುವರೆ ಎಂಬುದನ್ನು ಕೇಳಿಕೊಳ್ಳಬೇಕಾದವರು ಶಾಸನ ಮಾಡುವವರಲ್ಲ, ಈ ಮಾತುಗಳನ್ನು ಕೇಳುತ್ತಿರುವ ತಾವೂ ಹೇಳುತ್ತಿರುವ ನಾವೂ.